ಹನ್ನೆರಡು ದಿನದಲ್ಲಿ ಬದಲಾದ ಮೀನಾಜ್

ಕೊಹಿನೂರ ಹಳ್ಳಿಯ ರಹೀಮಾಗೆ ಆ ವಾರ ಮನೆ ಬಾಗಿಲು ತೆರೆಯುವುದೇ ಬೇಡವಾಗಿತ್ತು. ಒಳಗೆ ಮಗಳು ಮೀನಾಜ್ ಗೋಡೆಗೆ ಒರಗಿ ಕೂತು, ಯಾರೂ ಇಲ್ಲದ ಮೂಲೆಯತ್ತ ನೋಡಿ ನಗುತ್ತಿದ್ದಳು. ಹದಿನೇಳರ ಹುಡುಗಿ, ಬಸವಕಲ್ಯಾಣದ ಕಾಲೇಜಿನಲ್ಲಿ ಎರಡನೇ ಪಿಯುಸಿ. ಮೊದಲು ತಲೆನೋವು, ಸಣ್ಣ ಜ್ವರ ಅಂದಿದ್ದಳು. ಜ್ವರ ಬಿಟ್ಟಿತು, ನಿದ್ದೆಯೂ ಬಿಟ್ಟಿತು.

"ಅಮ್ಮೀ, ಅನ್ನದಾಗ ಏನ್ ವಿಷ ಹಾಕೀದಿ?" ಎಂದು ಒಂದು ಮಧ್ಯಾಹ್ನ ತಾಟು ತಳ್ಳಿದಳು.

"ಯಾವದೋ ಗಾಳಿ ಸೋಕ್ಯಾದ, ತಾಯತ ಕಟ್ಟಸ್ರಿ," ಅಂದಳು ನೆರೆಮನೆಯ ಗಂಗುಬಾಯಿ. ಕಟ್ಟಿಸಿದ್ದಾಯಿತು, ಗುಣ ಕಾಣಲಿಲ್ಲ. ಹುಮನಾಬಾದಿನಲ್ಲಿ ಬಳೆ ಮಾರುವ ಗಂಡ ಅಜೀಮುದ್ದೀನ್, "ಊರಿಗಿ ಗೊತ್ತಾದ್ರ ನಾಳಿ ಇಕೀನ ಯಾರು ನಿಕಾ ಮಾಡ್ಕೋತಾರ? ಸುಮ್ಮನಿರು," ಅಂದುಬಿಟ್ಟ.

ಹನ್ನೆರಡನೆಯ ದಿನ ಆಶಾ ಕಾರ್ಯಕರ್ತೆ ಸ್ನೇಹಲ ಬಂದು ಬಾಗಿಲು ಬಡಿದಳು.

"ಆಪಾ, ಮೀನಾಜ್ ಕಾಲೇಜಿಗಿ ಹೋಗಾಕತ್ತಿಲ್ಲಂತಲ್ರಿ?"

"ಮೈಯಾಗ ಹುಷಾರಿಲ್ಲ," ಎಂದು ರಹೀಮಾ ಹೊಸ್ತಿಲಿಗೆ ಅಡ್ಡ ನಿಂತಳು. ಅಷ್ಟರಲ್ಲಿ ಒಳಗೆ ಏನೋ ಬಿದ್ದ ಸದ್ದು. ಇಬ್ಬರೂ ಓಡಿದರು.

ಮೀನಾಜಳ ಬಾಯಿ ಏನೋ ಜಗಿಯುವಂತೆ ಒಂದೇ ಸಮ ಆಡುತ್ತಿತ್ತು. ಬಲಗೈ ತಾನಾಗಿಯೇ ತಿರುಚಿಕೊಳ್ಳುತ್ತಿತ್ತು. "ನಾ ಯಾರು ಹೇಳವ್ವ," ಎಂದು ಸ್ನೇಹಲ ಕೇಳಿದರೆ ಮಾತೇ ಹೊರಡಲಿಲ್ಲ.

"ಫಿಟ್ಸ್ ಏನರೆ ಬಂದಿದ್ದವೇನ್ರಿ?"

ರಹೀಮಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಮೊನ್ನೆ ಕೈಕಾಲು ಸೆಟದು ಬಿದ್ದಿದ್ಳು. ಯಾರ ಮುಂದೂ ಹೇಳಿಲ್ಲ."

"ಇಷ್ಟ ಲಗೂನ ಹಿಂಗ ಬದಲಾದ್ರ ಕಾಯಬಾರ್ದ್ರಿ ಆಪಾ. ಮಿದುಳಿಗಿ ಬಾವು ಬಂದ್ರೂ ಹಿಂಗಾಗ್ತದಂತ ತರಬೇತಿಯಾಗ ಹೇಳ್ಯಾರ. ಈಗೇ ಆಂಬುಲೆನ್ಸಿಗಿ ಫೋನ್ ಮಾಡ್ತೀನಿ."

ಬಸವಕಲ್ಯಾಣದ ಡಾಕ್ಟರು ನೋಡಿದವರೇ ಕಲಬುರಗಿಗೆ ಚೀಟಿ ಬರೆದುಕೊಟ್ಟರು. ಫೋನಿನಲ್ಲಿ ಸುದ್ದಿ ತಿಳಿದ ಅಜೀಮುದ್ದೀನ್ ಬಳೆಗಳನ್ನು ಪಕ್ಕದವನಿಗೆ ಒಪ್ಪಿಸಿ, ದಾರಿಯ ಹುಮನಾಬಾದಿನಲ್ಲಿ ಅದೇ ಆಂಬುಲೆನ್ಸ್ ಹತ್ತಿದ. ದಾರಿಯುದ್ದಕ್ಕೂ ಮಗಳ ತಿರುಚುವ ಕೈ ಹಿಡಿದು ಕೂತ.

ಕಲಬುರಗಿಯಲ್ಲಿ ನರರೋಗದ ಡಾಕ್ಟರಮ್ಮ ತಲೆಯ ಸ್ಕ್ಯಾನ್ ಮಾಡಿಸಿ, ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕು ಅಂದರು. ಅಜೀಮುದ್ದೀನ್ ಹಿಂದೆ ಸರಿದ.

"ಬೆನ್ನಾಗ ಸೂಜಿ ಚುಚ್ಚಿದ್ರ ಕಾಲು ಹೋಗ್ತಾವಂತ. ನಾ ಸಹಿ ಹಾಕಂಗಿಲ್ರಿ."

"ಬೆನ್ನುಹುರಿ ಮುಗಿಯೋ ಜಾಗಕ್ಕಿಂತ ಕೆಳಗೆ ಸೂಜಿ ಹಾಕ್ತೀವಿ, ಅದಕ್ಕೇ ಕಾಲಿನ ಭಯ ಬೇಡ. ಒಂದೆರಡು ದಿನ ತಲೆ ನೋಯಬಹುದು," ಅಂದರು ಡಾಕ್ಟರಮ್ಮ. "ರೋಗದ ಜೊತೆ ಹೋರಾಡೋ ಶಕ್ತಿ ನಮ್ಮ ಮೈಯಲ್ಲೇ ಇದೆ. ಅದು ಒಮ್ಮೊಮ್ಮೆ ತಪ್ಪು ತಿಳಿದು ಮಿದುಳಿನ ಮೇಲೇ ಏರಿ ಹೋಗತ್ತೆ. ಕಾಯೋ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. ಅದು ಹೌದೋ ಅಲ್ಲೋ ತಿಳಿಯೋಕೆ ಈ ಪರೀಕ್ಷೆ ಬೇಕು."

ರಹೀಮಾ ಗಂಡನ ಕೈಯಿಂದ ಪೆನ್ನು ತಗೊಂಡಳು. "ಹನ್ನೆರಡು ದಿನ ನಾ ಊರಿನ ಬಾಯಿಗಿ ಅಂಜಿದೆ. ಇನ್ನ ಅಂಜಂಗಿಲ್ಲ," ಎಂದು ಸಹಿ ಹಾಕಿದಳು.

ಡಾಕ್ಟರಮ್ಮನ ಅನುಮಾನ ನಿಜವಾಗಿತ್ತು. ಕೆಲವರಿಗೆ ಹೊಟ್ಟೆಯ ಗಡ್ಡೆಯಿಂದಲೂ ಹೀಗಾಗುತ್ತದೆಂದು ಅದನ್ನೂ ನೋಡಿದರು. ಇವಳಿಗೆ ಗಡ್ಡೆ ಇರಲಿಲ್ಲ. ಕೈಯ ನರಕ್ಕೆ ಔಷಧಿಯ ಬಾಟಲಿ ಹಚ್ಚಿದರು. ಮೊದಲ ವಾರ ಏನೂ ಬದಲಾಗಲಿಲ್ಲ. ರಹೀಮಾ ಮಗಳ ಕಾಲು ಒತ್ತುತ್ತ ಕೂತಿರುತ್ತಿದ್ದಳು. ಮೂರನೇ ವಾರ ಒಂದು ಬೆಳಿಗ್ಗೆ ಮೀನಾಜ್ ತಾಯಿಯತ್ತ ಕಣ್ಣು ಹೊರಳಿಸಿ, "ಅಮ್ಮೀ, ನೀ ಯಾಕ ಇಷ್ಟ ಸೊರಗೀದಿ?" ಅಂದಳು. ಅಜೀಮುದ್ದೀನ್ ಹೊರಗೆ ಹೋಗಿ ವರಾಂಡದಲ್ಲಿ ನಿಂತು ಅತ್ತ.

ಮನೆಗೆ ಬಂದ ಮೇಲೂ ಮರೆವು, ಸಿಟ್ಟು, ದಣಿವು ತಿಂಗಳುಗಟ್ಟಲೆ ಇದ್ದವು. ಆ ವರ್ಷದ ಪರೀಕ್ಷೆ ತಪ್ಪಿತು. ಮರುವರ್ಷ ಬರೆದಳು, ಪಾಸಾದಳು. ಈಗಲೂ ಗುಳಿಗೆ ನುಂಗುತ್ತಾಳೆ, ಹೇಳಿದ ದಿನ ಕಲಬುರಗಿಗೆ ಹೋಗಿ ತೋರಿಸಿ ಬರುತ್ತಾಳೆ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗನೋ ಮಗಳೋ ಕೆಲವೇ ದಿನಗಳಲ್ಲಿ ಬೇರೆಯವರಂತಾದರೆ, ಅದರ ಜೊತೆ ಫಿಟ್ಸ್ ಬಂದರೆ, ಕೈ ಬಾಯಿ ತಾವಾಗಿಯೇ ಆಡಿದರೆ, ಮಾತು ನಿಂತರೆ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. "ಮಿದುಳಿನ ಬಾವು ಇರಬಹುದಾ?" ಎಂದು ಕೇಳಿರಿ. ಮನಸ್ಸಿನ ಕಾಯಿಲೆಗಳೆಲ್ಲ ಇದೇ ಅಲ್ಲ. ಅವಕ್ಕೂ ಔಷಧಿ ಇದೆ, ಅವುಗಳಲ್ಲೂ ನಾಚಿಕೆ ಪಡುವಂಥದ್ದೇನಿಲ್ಲ. ಬೇಗ ಚಿಕಿತ್ಸೆ ಸಿಕ್ಕರೆ ಬಹಳಷ್ಟು ಮಕ್ಕಳು ಓದಿಗೆ, ಕೆಲಸಕ್ಕೆ ಮರಳುತ್ತಾರೆ. ನಿಮ್ಮ ಮಗುವಿಗೂ ಆ ದಾರಿ ಇದೆ. ತಡ ಮಾಡಬೇಡಿ.