ಬಾವಿ ಹಗ್ಗ, ಪುಟ್ಟಲಕ್ಷ್ಮಿಯ ಫಿಲ್ಟರು

ಭದ್ರಾವತಿಯ ಹಳೇ ನಗರದ ಆ ಓಣಿಗೆಲ್ಲ ಸಿಹಿನೀರಿನ ಬಾವಿ ಇದ್ದದ್ದು ಮಾಸ್ತಮ್ಮನ ಹಿತ್ತಲಲ್ಲಿ ಮಾತ್ರ. ಮಳೆಗಾಲದಲ್ಲಿ ನಲ್ಲಿ ನೀರು ಕೆಂಪಗಾದರೆ ಹೆಂಗಸರೆಲ್ಲ ಕೊಡ ಹಿಡಿದು ಅಲ್ಲಿಗೇ ಬರಬೇಕು. ಬಂದವರು ಸುಮ್ಮನೆ ಸೇದಿಕೊಂಡು ಹೋಗುವಂತಿಲ್ಲ. "ಮಾಸ್ತಕ್ಕಾ, ನಿಮ್ಮ ನೀರು ಕಬ್ಬಿನ ಹಾಲು ಇದ್ದಂಗಿದೆ" ಎಂದು ಒಂದು ಮಾತು ಹೇಳಿಯೇ ಹೋಗಬೇಕು. ಆ ಮಾತು ಕಿವಿಗೆ ಬೀಳದ ದಿನ ಮಾಸ್ತಮ್ಮನಿಗೆ ಊಟ ಸೇರುತ್ತಿರಲಿಲ್ಲ.

ಇಂಥವಳನ್ನು ಬಿಟ್ಟು ಮಹಿಳಾ ಸಂಘದವರು, ಓಣಿಗೆ ಒಂದರಂತೆ ಹಂಚುತ್ತಿದ್ದ ಸ್ಟೀಲ್ ಫಿಲ್ಟರನ್ನು ಎದುರುಮನೆ ಪುಟ್ಟಲಕ್ಷ್ಮಿಗೆ ಕೊಟ್ಟುಬಿಟ್ಟರು. ಮೇಲಿನ ಪಾತ್ರೆಗೆ ಸುರಿದ ನೀರು ಬಿಳಿ ಕ್ಯಾಂಡಲ್‌ನಲ್ಲಿ ಸೋಸಿ ಕೆಳಗಿನ ಪಾತ್ರೆಗೆ ತೊಟ್ಟು ತೊಟ್ಟಾಗಿ ಇಳಿಯುವ ಫಿಲ್ಟರು. "ಬಾವಿ ಇರೋರಿಗೆ ಇದೆಲ್ಲ ಯಾಕೆ?" ಎಂದರಂತೆ ಸಂಘದವರು. ಎಂಥಾ ನ್ಯಾಯ!

ಮೊದಮೊದಲು ಓಣಿಯವರು ಅದನ್ನು ನಂಬಲಿಲ್ಲ. ಚೌಡಮ್ಮ ಕುಡಿದು ನೋಡಿ ಸಪ್ಪೆ ಎಂದಳು. ಮಾಸ್ತಮ್ಮನಂತೂ "ನೀರಿನ ಸತ್ವ ಎಲ್ಲಾ ಆ ಬಿಳಿ ಕಲ್ಲೇ ಕುಡ್ಕೊಳ್ಳತ್ತೆ ಕಣ್ರೇ, ನಿಮಗೆ ಸಿಗೋದು ಬರೀ ಚರಟ" ಎಂದು ಮನೆಮನೆಗೆ ಸಾರಿ ಬಂದಳು. ಆದರೆ ಒಂದು ದಿನ ಪುಟ್ಟಲಕ್ಷ್ಮಿ ಕ್ಯಾಂಡಲ್ ಬಿಚ್ಚಿ, ಅದಕ್ಕೆ ಅಂಟಿದ್ದ ಲೋಳೆಯನ್ನು ಎಲ್ಲರಿಗೂ ತೋರಿಸಿದಳು. ಅವಳು ಫಿಲ್ಟರಿಗೆ ಹಾಕುತ್ತಿದ್ದದ್ದು ಬಾವಿ ನೀರನ್ನೇ. ಎಂದರೆ ಆ ಲೋಳೆ ಮಾಸ್ತಮ್ಮನ ಕಬ್ಬಿನ ಹಾಲಿನದು!

ಅಂದಿನಿಂದ ಮಕ್ಕಳೊಂದಿಗರೆಲ್ಲ ಚೊಂಬು ಹಿಡಿದು ಎದುರುಮನೆಗೆ ನಡೆದರು. ಕಿಟಕಿಯಿಂದ ನೋಡಿ ನೋಡಿ ಮಾಸ್ತಮ್ಮನ ಹೊಟ್ಟೆ ಉರಿದುಹೋಯಿತು. ನೀರು ನನ್ನದು, ಹೆಸರು ಅವಳದೇ? ಮಾಸ್ತಮ್ಮ ರಾಟೆಯಿಂದ ಹಗ್ಗ ಬಿಚ್ಚಿ ಬಚ್ಚಲ ಒಲೆಯ ಹಿಂದೆ ಅಡಗಿಸಿಟ್ಟು, ಕಡಿದುಹೋಯಿತೆಂದು ಸುದ್ದಿ ಹಬ್ಬಿಸಿದಳು. ತನಗೆ ಬೇಕಾದಷ್ಟನ್ನು ಯಾರೂ ಏಳುವ ಮೊದಲೇ ಸೇದಿಕೊಳ್ಳುತ್ತಿದ್ದಳು.

"ಹಗ್ಗ ಒಲೆ ಹಿಂದೆ ಯಾಕಿದೆ ಮಾರಾಯ್ತಿ?" ಎಂದ ಗಂಡ ಗೋವಿಂದಯ್ಯ.

"ನಿಮಗೆ ಗೊತ್ತಾಗಲ್ಲ, ಸುಮ್ನಿರಿ" ಎಂದು ಅವನ ಬಾಯಿ ಮುಚ್ಚಿಸಿದಳು.

ಅದೇ ವಾರ ಮಗಳು ಸಂಧ್ಯಾಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಬಿಡಲು ಬೀಗಿತ್ತಿ ಸಣ್ಣಮ್ಮ ಶಿವಮೊಗ್ಗದ ಹೊಸಮನೆಯಿಂದ ಬಂದಳು. ಮಾಸ್ತಮ್ಮ ರೇಷ್ಮೆ ಸೀರೆ ಉಟ್ಟು, ಬೆಲ್ಲದ ಜೊತೆ ಚೊಂಬಿನಲ್ಲಿ ನೀರು ತಂದಿಟ್ಟಳು. ಸಣ್ಣಮ್ಮ ಚೊಂಬು ಮುಟ್ಟಲಿಲ್ಲ.

"ಫಿಲ್ಟರ್ ನೀರೇನ್ರೀ ಇದು? ಇವಳಿಗೆ ಹೋದ ತಿಂಗಳು ವಾಂತಿ ಭೇದಿಯಾಗಿ ಆಸ್ಪತ್ರೇಲಿ ಮಲಗಿಸಿದ್ವಿ. ನಿಮ್ಮನೇಲಿ ಫಿಲ್ಟರ್ ಇಲ್ಲಾ ಅಂದ್ರೆ ಈಗ್ಲೇ ಹೇಳಿ, ವಾಪಸ್ ಕರ್ಕೊಂಡು ಹೋಗ್ತೀನಿ. ಹೆರಿಗೆ ಅಲ್ಲೇ ಆಗ್ಲಿ."

"ಕಾಯಿಸಿ ಆರಿಸಿ ಕೊಡ್ತೀನಿ..."

"ಇವತ್ತು ಕಾಯಿಸ್ತೀರಾ, ನಾಳೆ ಮರೀತೀರಾ."

ಸಂಧ್ಯಾ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಚೊಚ್ಚಲ ಬಸುರಿ ತವರಿನ ಹೊಸಿಲಿನಿಂದ ತಿರುಗಿ ಹೋಗುವುದೆಂದರೇನು! "ಫಿಲ್ಟರ್ ಇದೆ, ಇಲ್ದೆ ಏನು" ಎಂದವಳೇ ಮಾಸ್ತಮ್ಮ ಚೊಂಬು ಎತ್ತಿಕೊಂಡು ಎದುರುಮನೆಗೆ ಓಡಿದಳು.

ಪುಟ್ಟಲಕ್ಷ್ಮಿ ಫಿಲ್ಟರಿನ ನಲ್ಲಿ ತಿರುಗಿಸಿ ತೋರಿಸಿದಳು. ಒಂದು ಹನಿಯೂ ಬೀಳಲಿಲ್ಲ.

"ನಿಮ್ಮ ಹಗ್ಗ ಕಡಿದಾಗಿಂದ ಖಾಲಿ ಅಕ್ಕಾ. ಆ ಕೆಂಪು ನೀರು ಹಾಕಿದ್ರೆ ಕ್ಯಾಂಡಲ್ ಕಟ್ಕೊಳ್ಳತ್ತೆ."

ಬೆಳಗ್ಗೆ ಸೇದಿಟ್ಟ ನೀರೂ ಮುಗಿದಿದ್ದರಿಂದ ಮಾಸ್ತಮ್ಮನಿಗೆ ಬೇರೆ ದಾರಿ ಉಳಿದಿರಲಿಲ್ಲ. ಹಿತ್ತಲ ಕಡೆಯಿಂದ ಹೋಗಿ, ಬಚ್ಚಲ ಮಸಿ ಮೆತ್ತಿದ ಹಗ್ಗ ಹೊರತೆಗೆದಳು. ಹಿಂದೆಯೇ ಕೊಡ ಹಿಡಿದು ಬಂದ ಪುಟ್ಟಲಕ್ಷ್ಮಿ ಹಗ್ಗವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಕಡಿದದ್ದನ್ನು ಕಟ್ಟಿದ ಗಂಟು ಎಲ್ಲೂ ಇಲ್ಲ. ಏನೂ ಕೇಳದೆ ರಾಟೆಗೆ ಹಾಕಿ ನೀರು ಸೇದಿದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತಲ್ಲ ಎಂದು ಮಾಸ್ತಮ್ಮನಿಗೆ ಇನ್ನಷ್ಟು ಉರಿಯಿತು.

ಫಿಲ್ಟರಿಗೆ ಅವಸರ ಎಂಬುದಿಲ್ಲ. ತೊಟ್ಟು ತೊಟ್ಟಾಗಿ ಇಳಿಯುವ ನೀರಿನ ಮುಂದೆ, ಎದುರುಮನೆಯ ಅಡುಗೆಕೋಣೆಯ ನೆಲದ ಮೇಲೆ, ರೇಷ್ಮೆ ಸೀರೆ ಉಟ್ಟ ಮಾಸ್ತಮ್ಮ ಖಾಲಿ ಚೊಂಬು ಹಿಡಿದು ಕೂತಿದ್ದಳು. ಇದೇ ಜಾಗದಲ್ಲಿ ಹೀಗೆ ಕಾಯುತ್ತಿದ್ದ ಹೆಂಗಸರಿಗೆ ಅವಳು ಇಟ್ಟ ಹೆಸರು ಒಂದೇ ಎರಡೇ!

ಚೊಂಬು ತುಂಬುವ ಹೊತ್ತಿಗೆ ಪುಟ್ಟಲಕ್ಷ್ಮಿ ಫಿಲ್ಟರನ್ನೇ ಎತ್ತಿ ಸೊಂಟಕ್ಕಿಟ್ಟುಕೊಂಡಳು. "ಬಾಣಂತನ ಮುಗಿಯೋವರೆಗೂ ನಿಮ್ಮನೇಲೇ ಇರ್ಲಿ, ನಡೀರಿ ಅಕ್ಕಾ" ಎಂದು ಸಣ್ಣಮ್ಮನ ಕಣ್ಣೆದುರಿಗೇ ಅದನ್ನು ತಂದು ಜಗಲಿಯ ಮೇಲಿಟ್ಟಳು.

ಸಣ್ಣಮ್ಮ ನೀರು ಕುಡಿದು, "ಏನ್ ಸಿಹಿಯಾಗಿದೆ ನೀರು!" ಎಂದಳು. ಸೊಸೆಯನ್ನು ಬಿಟ್ಟು ನೆಮ್ಮದಿಯಿಂದ ಬಸ್ಸು ಹತ್ತಿದಳು.

ಸಂಜೆ ಓಣಿಯ ಹೆಂಗಸರೆಲ್ಲ ಚೊಂಬು ಹಿಡಿದು ಮತ್ತೆ ಮಾಸ್ತಮ್ಮನ ಬಾಗಿಲಿಗೇ ಬಂದರು. ಬಾವಿಯೂ ಇಲ್ಲೇ, ಫಿಲ್ಟರೂ ಇಲ್ಲೇ. ಅವಳು ಹಿಗ್ಗಿ ಚೌಡಮ್ಮನ ಚೊಂಬು ತುಂಬಿಸಿಕೊಟ್ಟು, ಹಳೇ ಮಾತಿಗಾಗಿ ಕಾದು ನಿಂತಳು.

"ಎದ್ರುಮನೆಗೆ ಅಂತ ಫಿಲ್ಟರನ್ನೇ ಎತ್ತಿ ಕೊಟ್ಳಲ್ಲ, ಪುಟ್ಟಲಕ್ಷ್ಮಿ ಮನಸ್ಸು ಎಷ್ಟು ದೊಡ್ಡದು ಅಲ್ವಾ ಮಾಸ್ತಕ್ಕಾ?" ಎಂದಳು ಚೌಡಮ್ಮ. ಹಿಂದಿದ್ದವರೂ ಹೌದು ಹೌದು ಎಂದರು.

ಮಾಸ್ತಮ್ಮ "ಹೂಂ" ಎಂದಳು. ಅಂದು ಅವಳಿಗೆ ಊಟ ಸೇರಲಿಲ್ಲ.