ಊರ್ಮಿಳಾ ಕೊಟ್ಟ ಬಾಗಿಲುಗಳು

ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ನೆಲೆಸಿದ ಕನ್ನಡಿಗರ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕೂತರೆ, ವೀಸಾ, ಲೇಆಫ್, ಕೋವಿಡ್ ಇವುಗಳ ಜೊತೆಗೆ ಊರ್ಮಿಳಾಳ ಅಡುಗೆಮನೆಯಿಂದ ಕಳಚಿದ ಎರಡು ಕ್ಯಾಬಿನೆಟ್ ಬಾಗಿಲುಗಳಿಗೂ ಒಂದು ಅಧ್ಯಾಯ ಮೀಸಲಿಡಬೇಕಾಗುತ್ತದೆ. ವೀಸಾ, ಕೋವಿಡ್‌ಗಳನ್ನು ಇಲ್ಲಿಯವರು ಹೇಗೋ ನಗುನಗುತ್ತಲೇ ದಾಟಿದ್ದರು.

ಆ ಬಾಗಿಲುಗಳು ಈಗ, ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ ಸಂಜೆ, ಯಾಮಿನಿಯ ಟೌನ್‌ಹೌಸಿನ ಕೋಟ್ ಕ್ಲಾಸೆಟ್ಟಿನೊಳಗೆ ಇದ್ದವು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಅವುಗಳ ಮುಂದೆ ಗುಂಪುಗೂಡಿದ್ದರು. ಎಲ್ಲರ ಹಿಂದೆ, ತೆಂಗಿನಕಾಯಿಯ ಚೀಲ ಹಿಡಿದು ನಿಂತಿದ್ದವಳು ಊರ್ಮಿಳಾ.

ಮುಂಬಾಗಿಲ ಪಕ್ಕ, ಚಳಿಗಾಲದ ಕೋಟು ನೇತುಹಾಕಲೆಂದು ಕಟ್ಟಿದ ಗೂಡು ಅದು. ಯಾಮಿನಿಯ ಗಂಡ ಅಭಿಷೇಕ್ ಕೋಟಿನ ಸರಳು ಕಿತ್ತು, ಒಳಗೊಂದು ಮರದ ಚೌಕಟ್ಟು ಕೂರಿಸಿ, ಅದಕ್ಕೆ ಈ ಎರಡು ಬಾಗಿಲುಗಳನ್ನು ಹಚ್ಚಿದ್ದ. ಜಿಡ್ಡು ಹಿಡಿದಿದ್ದ ಮರವನ್ನು ಉಜ್ಜಿ ಜೇನಿನ ಬಣ್ಣ ಬಳಿದಿದ್ದ. ಸಾಲಾಗಿ ತೂತು ಕೊರೆದು ಪುಟ್ಟ ಹಿತ್ತಾಳೆ ಗಂಟೆಗಳನ್ನು ತೂಗುಬಿಟ್ಟಿದ್ದ. ಕ್ಲಾಸೆಟ್ಟಿನ ಹೊರಬಾಗಿಲು ಮಡಚಿದರೆ ಒಳಗೆ ಇನ್ನೊಂದು ಜೊತೆ ಬಾಗಿಲು. ಅದನ್ನು ತೆರೆದರೆ ಗಂಟೆಗಳ ಕಿಣಿಕಿಣಿ. ಅದರಾಚೆ ರೇಷ್ಮೆ ಸೀರೆ ಉಟ್ಟು ಕೂತ ಲಕ್ಷ್ಮಿ.

"ಎಂಥ ಚಂದ ಉಂಟು ಮಾರಾಯ್ತಿ! ಊರಿಂದ ಮಾಡಿಸಿ ತಂದದ್ದಾ?" ಎಂದರು ಉಡುಪಿ ಕಡೆಯ ಕುಸುಮಾವತಿ.

"ಇಲ್ಲ ಆಂಟಿ. ಊರ್ಮಿಳಾ ಆಂಟಿ ಕಿಚನ್ ರಿಮಾಡೆಲ್ ಮಾಡಿಸಿದ್ರಲ್ಲ, ಅವ್ರ ಹಳೇ ಕ್ಯಾಬಿನೆಟ್ದು. ಎಸೀತಿದ್ರು, ನಾವು ಕೇಳಿ ತಂದ್ವಿ."

ಎಲ್ಲರೂ ಹಿಂದೆ ತಿರುಗಿ ಊರ್ಮಿಳಾಳನ್ನು ನೋಡಿದರು. ಎಸೆಯುವವರನ್ನು ನೋಡುವ ನೋಟ ಅದು. ಆಮೇಲೆ ಎಲ್ಲರೂ ಮತ್ತೆ ಬಾಗಿಲ ಕಡೆ ತಿರುಗಿ ಫೋನು ಎತ್ತಿದರು.

ಊರ್ಮಿಳಾ ಆ ಬೇಸಿಗೆಯಲ್ಲಿ ತನ್ನ ಅಡುಗೆಮನೆಯನ್ನು ಬುಡಸಮೇತ ಬದಲಾಯಿಸಿದ್ದಳು. ಬಿಳಿ ಕ್ಯಾಬಿನೆಟ್, ಕ್ವಾರ್ಟ್ಜ್ ಕಟ್ಟೆ, ಬೆರಳು ತಾಗಿಸಿದರೆ ತಾನಾಗಿ ಒಳಗೆ ಹೋಗುವ ಡ್ರಾಯರು. ಇದೇ ಹೆಂಗಸರನ್ನು ಊಟಕ್ಕೂ ಕರೆದಿದ್ದಳು. ಅವರು "ನೈಸ್" ಅಂದರು, "ವೈಟ್ ಮೇಂಟೇನ್ ಮಾಡೋದು ಕಷ್ಟ ಅಲ್ವಾ" ಅಂದರು, ಬಿಸಿಬೇಳೆಬಾತು ಬಡಿಸಿಕೊಂಡರು. ಒಬ್ಬರೂ ಫೋನು ಎತ್ತಲಿಲ್ಲ. ಅವಳ ದೇವರುಗಳು ಇವತ್ತಿಗೂ ಲಾಂಡ್ರಿ ರೂಮಿನ ಶೆಲ್ಫಿನಲ್ಲಿ, ಡಿಟರ್ಜೆಂಟಿನ ಮೇಲಿನ ಖಾನೆಯಲ್ಲಿದ್ದರು. ಬಾಗಿಲು ಕೇಳಿಕೊಂಡು ಯಾಮಿನಿ ಬಂದಾಗ "ತಗೊಂಡ್ಹೋಗಮ್ಮ, ಗ್ಯಾರೇಜ್ ಖಾಲಿಯಾದ್ರೆ ಸಾಕು" ಎಂದದ್ದು ತಾನೇ. ಆ ಮರದಲ್ಲಿ ಇಂಥದ್ದೊಂದು ಇತ್ತೆಂದು ಇಷ್ಟು ವರ್ಷ ಅದನ್ನು ತೆಗೆದು ಮುಚ್ಚಿದ ತನಗೇಕೆ ಹೊಳೆಯಲಿಲ್ಲ? ಗ್ರೀನ್ ಕಾರ್ಡ್ ಕೂಡ ಬಾರದ, ಮೊನ್ನೆ ಮೊನ್ನೆ ಮೈಸೂರಿನಿಂದ ಬಂದ ಈ ಹುಡುಗಿಗೇಕೆ ಹೊಳೆಯಿತು?

ಗುಂಪಿನ ಮುಂದೆ, ಒಂದೇ ಒಂದು ಕುರ್ಚಿಯಲ್ಲಿ, ವನಮಾಲಮ್ಮ ಕೂತಿದ್ದರು. ಊರಿನ ಕನ್ನಡದವರೆಲ್ಲ ಸೇರಿ ಮಾಡುವ ಗಣೇಶನ ಹಬ್ಬ ಅವರ ಮನೆಯ ಬೇಸ್‌ಮೆಂಟಿನಲ್ಲೇ ನಡೆಯುವುದು. ಯಾರು ಏನು ಮಾಡಿ ತರಬೇಕೆಂದು ಹೇಳುವವರೂ ಅವರೇ. ನೈವೇದ್ಯದ ಕಡುಬು ಮಾತ್ರ ಮೊದಲಿನಿಂದಲೂ ಊರ್ಮಿಳಾಳದ್ದು. ಉಳಿದವರು ಪಲ್ಯ, ಕೋಸಂಬರಿ ಎಂದು ವರ್ಷಕ್ಕೊಂದು ಹೊರುತ್ತಿದ್ದರು. ಕಡುಬಿನ ವಿಷಯದಲ್ಲಿ ಕೇಳುವ ಪದ್ಧತಿಯೇ ಇರಲಿಲ್ಲ. ಊರ್ಮಿಳಾ ತನ್ನ ಕೆಲಸದಲ್ಲಿ ಮ್ಯಾನೇಜರ್ ಆದದ್ದನ್ನು ಯಾರಿಗೂ ಹೇಳಿಕೊಂಡವಳಲ್ಲ. ಕಡುಬಿನ ಬಗ್ಗೆ ಹೇಳಿಕೊಳ್ಳುತ್ತಿದ್ದಳು.

"ಕ್ಲಾಸೆಟ್ ಅಂತ ಗೊತ್ತೇ ಆಗಲ್ಲ, ಥೇಟ್ ನಮ್ಮಮ್ಮನ ಮನೆ ದೇವ್ರಮನೆ," ಎಂದರು ವನಮಾಲಮ್ಮ, ಮೆಲ್ಲಗೆ ಒಂದು ಗಂಟೆ ಮುಟ್ಟಿ. ಅವರ ಕಣ್ಣು ಒದ್ದೆಯಾಗಿತ್ತು. ವನಮಾಲಮ್ಮನ ಕಣ್ಣು ಒದ್ದೆಯಾದದ್ದನ್ನು ಊರ್ಮಿಳಾ ಈವರೆಗೆ ನೋಡಿರಲಿಲ್ಲ.

ಅವಳು ಮುಂದೆ ಬಂದು, ತಲೆ ಓರೆ ಮಾಡಿ ಬಾಗಿಲನ್ನು ನೋಡಿದಳು.

"ಅಯ್ಯೋ ಯಾಮಿನಿ, ಇವನ್ನ ದೇವ್ರಿಗೆ ಹಾಕ್ತೀಯ ಅಂತ ಮೊದಲೇ ಹೇಳಿದ್ರೆ ಬೇರೇದು ಕೊಡ್ತಿದ್ನಲ್ಲ," ಎಂದಳು. "ಇದು ನಮ್ಮ ಚಿರಂತನ್‌ದು. ಕಾಲೇಜಿಗೆ ಡರ್ಹಮ್‌ಗೆ ಹೋಗೋವರೆಗೂ ಅವನು ಚಿಕನ್ ನೂಡಲ್ಸ್, ಟ್ಯೂನಾ ಮೀನಿನ ಡಬ್ಬಿ ಎಲ್ಲಾ ಇಡ್ತಿದ್ದಿದ್ದು ಈ ಬಾಗಿಲ ಹಿಂದೇನೇ. ಇಲ್ಲಿ ಹುಟ್ಟಿದ ಮಕ್ಕಳು, ಏನ್ ಹೇಳೋಕಾಗತ್ತೆ."

ಫೋನುಗಳು ಒಂದೊಂದಾಗಿ ಕೆಳಗಿಳಿದವು. ಯಾರೋ ಸೆರಗು ಸರಿಮಾಡಿಕೊಂಡರು. ವನಮಾಲಮ್ಮ ಗಂಟೆಯಿಂದ ಕೈ ತೆಗೆದು ಆ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡರು.

"ಅದಕ್ಕೆಂತ ಈಗ?" ಎಂದರು ಕುಸುಮಾವತಿ. "ನಮ್ಮಲ್ಲಿ ಬೆಳಿಗ್ಗೆ ಮೀನು ತೊಳೆದ ಕೈಯಲ್ಲೇ ಸಂಜೆ ದೀಪ ಹಚ್ಚುವುದು. ನಮ್ಮ ದೇವರು ಈವರೆಗೆ ಎದ್ದು ಹೋಗಲಿಲ್ಲಪ್ಪ."

ಒಂದಿಬ್ಬರು ನಕ್ಕರು. ಯಾಮಿನಿ ನಗಲಿಲ್ಲ. ಅವಳ ಕೈಯಲ್ಲಿ ಆರತಿ ತಟ್ಟೆ ಇತ್ತು.

"ಮೊದಲನೇ ಆರತಿ ನಿಮ್ಮ ಕೈಲೇ ಎತ್ತಿಸ್ಬೇಕು ಅಂತಿದ್ದೆ ಆಂಟಿ," ಎಂದಳು ಮೆಲ್ಲಗೆ. "ಬಾಗಿಲು ನಿಮ್ದಲ್ವಾ ಅಂತ."

ಆರತಿಯನ್ನು ವನಮಾಲಮ್ಮ ಎತ್ತಿದರು.

ಮನೆಗೆ ಹೋಗುವಾಗ ಕಾರು ಓಡಿಸುತ್ತಿದ್ದವನು ಗಂಡ ಸುರೇಶ. ಗಂಡಸರು ಹಿತ್ತಲ ಕಡೆಯ ಡೆಕ್ಕಿನ ಮೇಲೆ ಕೂತಿದ್ದರೂ ಸುದ್ದಿ ಅಲ್ಲಿಗೂ ತಲುಪಿತ್ತು.

"ನಮ್ಮನೇಗೆ ಚಿಕನ್ ಯಾವಾಗ ಬಂತು?"

"ನೀವು ಸುಮ್ನೆ ಡ್ರೈವ್ ಮಾಡಿ."

"ಅಲ್ಲ, ಆ ಕ್ಯಾಬಿನೆಟ್‌ನಲ್ಲಿ ಇದ್ದಿದ್ದು ಕುಕ್ಕರ್ರು, ಇಡ್ಲಿ ಸ್ಟ್ಯಾಂಡು. ಮೊಟ್ಟೆ ಹಾಕಿದ ಕೇಕ್ ತಂದಿದ್ದಕ್ಕೇ ನನಗೆ ಗ್ಯಾರೇಜಲ್ಲಿ ನಿಂತ್ಕೊಂಡು ತಿನ್ನಿ ಅಂದವಳು ನೀನು."

"ಬಾಗಿಲ ಬಗ್ಗೆ ಹೇಳ್ದೆ ಅಷ್ಟೆ. ಮನೆ ಬಗ್ಗೆ ಏನೂ ಹೇಳ್ಲಿಲ್ಲ."

"ಬಾಗಿಲು ಎಲ್ಲಿತ್ತು?" ಎಂದ ಸುರೇಶ.

ಆ ಕೋನದಿಂದ ಊರ್ಮಿಳಾ ವಿಷಯವನ್ನು ಯೋಚಿಸಿರಲಿಲ್ಲ.

ಯಾಮಿನಿ ಮರುದಿನವೇ ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಹೋಗಿ ತೀರ್ಥ ತಂದು ಬಾಗಿಲುಗಳಿಗೆ ಪ್ರೋಕ್ಷಣೆ ಮಾಡಿದಳೆಂದು ತಿಳಿಯಿತು. ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂತು. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಊರ್ಮಿಳಾ ಆ ಫೋಟೋವನ್ನು ಹಿಗ್ಗಿಸಿ ನೋಡಿದಳು. ಎಡಬಾಗಿಲ ಕೆಳಗೆ, ಹಿಂದೊಮ್ಮೆ ಕುಕ್ಕರಿನ ಮುಚ್ಚಳ ಬಿದ್ದು ಜಜ್ಜಿದ ಕಡೆ, ಅಭಿಷೇಕ್ ಒಂದು ಹಿತ್ತಾಳೆಯ ಹೂವು ಕೂರಿಸಿದ್ದ. ಅದೂ ಚೆನ್ನಾಗಿಯೇ ಇತ್ತು.

ಗಣೇಶನ ಹಬ್ಬ ಹತ್ತಿರ ಬಂದಾಗ ವನಮಾಲಮ್ಮನ ಫೋನು ಬಂತು. ಮಂಡಿನೋವು, ಮಳೆ, ಮೊಮ್ಮಗನ ಹಲ್ಲು ಎಲ್ಲ ಮುಗಿದ ಮೇಲೆ ಅವರು ಹೇಳಿದರು: "ಈ ಸಲ ನೈವೇದ್ಯದ ಕಡುಬು ಯಾಮಿನಿ ಮಾಡ್ತಾಳಂತೆ ಕಣಮ್ಮ. ನಿನಗೂ ಕೆಲ್ಸ, ಪಾಪ. ನೀನು ಪೇಪರ್ ಪ್ಲೇಟು ತಂದ್ಬಿಡು."

"ವನಮಾಲಮ್ಮ, ನನ್ನ ಕಿಚನ್ ಪೂರ್ತಿ ಹೊಸದು. ಎಲ್ಲಾ ತೆಗೆಸಿ ಹಾಕಿದೀನಲ್ಲ."

"ಕಿಚನ್ ಹೊಸದಮ್ಮ. ಪಾತ್ರೆ ಅದೇ ಅಲ್ವಾ?" ಆಮೇಲೆ ಅವರ ದನಿ ಮೃದುವಾಯಿತು. "ತಪ್ಪು ತಿಳ್ಕೋಬೇಡ. ಮಕ್ಕಳು ತಿಂದ್ರೆ ನೀನೇನ್ ಮಾಡ್ತೀಯ. ಮುಚ್ಚಿಡದೆ ಹೇಳಿದೆಯಲ್ಲ, ಅದು ದೊಡ್ಡತನ. ದೇವ್ರ ವಿಷ್ಯ ನೋಡು, ಅದಕ್ಕೆ."

ಊರ್ಮಿಳಾಳ ಮುಂದೆ ದಾರಿ ಇರಲಿಲ್ಲವೆಂದೇನಲ್ಲ. ಆ ಮನೆಯೊಳಗೆ ಕೋಳಿಯಾಗಲಿ ಮೀನಾಗಲಿ ಎಂದೂ ಬಂದಿಲ್ಲ, ನಾನು ಹೇಳಿದ್ದು ಸುಳ್ಳು ಎಂದರೆ ಮುಗಿಯುತ್ತಿತ್ತು. ಆದರೆ ಏಕೆ ಹೇಳಿದೆ ಎಂದು ವನಮಾಲಮ್ಮ ಕೇಳಿಯೇ ಕೇಳುತ್ತಿದ್ದರು. ಅದಕ್ಕೆ ಇದ್ದ ಉತ್ತರ ಒಂದೇ. ತನ್ನ ಹೆಸರಿಗೆ ಯಾವುದು ಅಂಟಿದರೆ ವಾಸಿ, ಕೋಳಿಯೋ, ಹೊಟ್ಟೆಕಿಚ್ಚೋ? ಹೊಳೆಯುವ ಹೊಸ ಕಟ್ಟೆಗೆ ಒರಗಿ ನಿಂತು ಅವಳು ಎರಡನ್ನೂ ತೂಗಿ ನೋಡಿದಳು. ಆ ಕಡೆಯಿಂದ "ಹಲೋ, ಇದ್ದೀಯಾ?" ಎಂಬ ದನಿ ಬಂತು.

"ಇದ್ದೀನಿ," ಎಂದಳು. "ದೊಡ್ಡ ಪ್ಲೇಟು ತರ್ಲಾ, ಚಿಕ್ಕದಾ?"

ಹಬ್ಬದ ದಿನ ಅವಳು ಎರಡೂ ಅಳತೆಯವನ್ನು ಒಯ್ದಳು. ನೈವೇದ್ಯ ಸಮಯಕ್ಕೆ ಸರಿಯಾಗಿ ಆಯಿತು. ಯಾಮಿನಿಯ ಕಡುಬು ಒಂದೂ ಒಡೆದಿರಲಿಲ್ಲ.