ನೇರಳೆಯೋ ಕೆಂಪೋ

ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಅವಳಿಗೆ ಮಾತಿಗೆ ಸಿಗುತ್ತಿದ್ದವು ಬ್ಯಾಕ್ಟೀರಿಯಾಗಳು ಮಾತ್ರ. ದುಂಡಗಿದ್ದವಕ್ಕೆ "ಬಂದ್ಯೇನೋ ಗುಂಡಣ್ಣ?", ಉದ್ದಕ್ಕಿದ್ದವಕ್ಕೆ "ಏನಪ್ಪಾ ಕಡ್ಡಿ ಪೈಲ್ವಾನ?" ನಗಬೇಡಿ, ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಒಬ್ಬರೇ ಕೂತರೆ ನೀವೂ ಹಾಗೇ ಆಗುತ್ತೀರಿ. ಒಡಹುಟ್ಟಿದ ತಂಗಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ತಂಗಿಯ ಮದುವೆಗೆ ಮುಂಚೆ ಇವಳು, "ಆ ಹುಡುಗ ನಿನಗೆ ತಕ್ಕವನಲ್ಲ ಕಣೇ" ಎಂದುಬಿಟ್ಟಿದ್ದಳು. ಹುಡುಗ ಅಪ್ಪಟ ಚಿನ್ನವೆಂದು ಆಮೇಲೆ ಗೊತ್ತಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಪ್ಪಾಯಿತು ಅನ್ನಲು ಮಾತ್ರ ಇವಳಿಗೆ ಬಾಯೇ ಬರಲಿಲ್ಲ.

ಆ ದಿನ ಮಿದುಳು ಜ್ವರದ ಅನುಮಾನವಿದ್ದ ಕೂಸೊಂದರ ಬೆನ್ನಿನಿಂದ ತೆಗೆದ ನೀರು ಪರೀಕ್ಷೆಗೆ ಬಂತು. ಚೀಟಿಯಲ್ಲಿದ್ದ ತಾಯಿಯ ಹೆಸರು ತಂಗಿಯದು. ಅಯ್ಯೋ, ಆ ಕೂಸಿನ ಮುಖವನ್ನೂ ಇವಳು ಕಂಡಿರಲಿಲ್ಲ.

ಸ್ಲೈಡಿಗೆ ಮೊದಲು ನೇರಳೆ ಬಣ್ಣ, ಮೇಲೆ ಅಯೋಡಿನ್, ಆಮೇಲೆ ಆಲ್ಕೋಹಾಲಿನಲ್ಲಿ ತೊಳೆಯುವುದು, ಕೊನೆಗೆ ಕೆಂಪು. ತೊಳೆದರೂ ನೇರಳೆ ಬಿಡದ ಬ್ಯಾಕ್ಟೀರಿಯಾ ಒಂದು ಗುಂಪು, ಬಿಟ್ಟುಕೊಟ್ಟು ಕೆಂಪಾಗುವವು ಇನ್ನೊಂದು. ಯಾವ ಔಷಧಿ ಎಂಬುದು ಅದರ ಮೇಲೆ ನಿಂತಿರುತ್ತದೆ. ಇವಳೋ ತಂಗಿಯನ್ನೇ ನೆನೆಯುತ್ತಾ ಆಲ್ಕೋಹಾಲ್ ಸುರಿಯುತ್ತಲೇ ಇದ್ದಳು. ಎಣ್ಣೆಯ ಹನಿ ಹಾಕಿ ದೊಡ್ಡ ಲೆನ್ಸಿನಲ್ಲಿ ನೋಡಿದರೆ ಜೋಡಿ ಜೋಡಿ ಗುಂಡುಗಳು, ಎಲ್ಲ ಕೆಂಪು. ವಾರ್ಡಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟಳು.

ಫೋನ್ ಇಟ್ಟಮೇಲೆ ಆಲ್ಕೋಹಾಲಿನ ಬಾಟಲಿ ಕಣ್ಣಿಗೆ ಬಿತ್ತು, ಅರ್ಧ ಖಾಲಿ. ಅಷ್ಟು ತೊಳೆದರೆ ಎಂಥ ನೇರಳೆಯೂ ಬಿಟ್ಟುಹೋಗುತ್ತದಲ್ಲ! ಉಳಿದಿದ್ದ ಹನಿಯಲ್ಲಿ ಇನ್ನೊಂದು ಸ್ಲೈಡ್ ಮಾಡಿದಳು, ಈ ಸಲ ಮೈಯೆಲ್ಲ ಕಣ್ಣಾಗಿ. ಅವೇ ಜೋಡಿಗಳು, ಅಚ್ಚ ನೇರಳೆ.

"ಡಾಕ್ಟ್ರೇ, ಆಗ ಹೇಳಿದ್ದು ತಪ್ಪು. ತಪ್ಪು ನಂದೇ. ದಯವಿಟ್ಟು ಔಷಧಿ ಬದಲಾಯಿಸಿ."

ಡಾಕ್ಟರು ಫೋನಿನಲ್ಲೇ, ವಾರ್ಡಿನಲ್ಲಿ ಎಲ್ಲರಿಗೂ ಕೇಳುವಂತೆ ಬೈದರು. ಬೈಸಿಕೊಂಡಳು. ಕೂಸು ಉಳಿದರೆ ಸಾಕಿತ್ತು.

ಉಳಿಯಿತು. ಮನೆಗೆ ಹೊರಡುವ ದಿನ ರಿಪೋರ್ಟಿಗಾಗಿ ತಂಗಿಯೇ ಲ್ಯಾಬಿನ ಕಿಟಕಿಗೆ ಬಂದಳು. ಅಕ್ಕನಿಗೆ ಈ ಸಲ ಬಾಯಿ ಬಂತು.

"ಅವತ್ತು ನಿನ್ನ ಗಂಡನ ಬಗ್ಗೆ ಹಾಗಂದಿದ್ದೂ ನಂದೇ ತಪ್ಪು ಕಣೇ. ಮರೆತುಬಿಡೇ."

ತಂಗಿ ರಿಪೋರ್ಟನ್ನು ಮಡಚಿ ಚೀಲಕ್ಕೆ ಹಾಕಿದಳು. ಅವಳ ಕಣ್ಣು ತುಂಬಿತ್ತು.

"ನನ್ನ ಮಗೂನ ಉಳಿಸಿಕೊಟ್ರಿ. ತುಂಬಾ ಉಪಕಾರ ಆಯ್ತು, ಮೇಡಂ" ಎಂದು ಹೇಳಿ ಮೆಟ್ಟಿಲು ಹತ್ತಿದಳು.